ನೆಲ ಡೊಂಕೆನ್ನುವವರು

ಕುಣಿಯಲಾರದವಳಿಗೆ ನೆಲ ಡೊಂಕು ಎಂಬ ಗಾದೆ ಉದ್ಯೋಗದ ಅಂಕಿ-ಅಂಶಗಳನ್ನು ಕುರಿತ ರಾಜಕಾರಣಿಗಳ ಮಾತಿಗೆ ಚೆನ್ನಾಗಿ ಒಪ್ಪುತ್ತದೆ.

2009-10ರ ರಾಷ್ಟ್ರೀಯ ಮಾದರಿ ಸಮೀಕ್ಷೆಯು ಉದ್ಯೋಗಗಳು ಅಷ್ಟಾಗಿ ಹೆಚ್ಚಿಲ್ಲವೆಂದು ತೋರಿಸಿದಾಗ, ಅದು ಬರಗಾಲದ ವರ್ಷವೆಂದು ಕಾಂಗ್ರೆಸ್ ನೇತೃತ್ವದ ಸರಕಾರ 2011-12ರಲ್ಲಿ ಸಮೀಕ್ಷೆಯನ್ನು ಮತ್ತೆ ನಡೆಸಿತು. 2017-18ರ ಕಾರ್ಮಿಕ ಬಲ ಸಮೀಕ್ಷೆಯು ನಿರುದ್ಯೋಗ ಶೇ. 6.1 ಎಂದಾಗ, ಭಾಜಪ ನೇತೃತ್ವದ ಸರಕಾರ ವರದಿಯನ್ನು ಕರಡೆಂದು ತಡೆದಿರಿಸಿತು. 2019ರ ಜನವರಿಯಲ್ಲಿ ರಾಷ್ಟ್ರೀಯ ಸಾಂಖ್ಯಿಕ ಆಯೋಗದ ಪಿ.ಸಿ. ಮೋಹನನ್ ಹಾಗೂ ಜೆ.ವಿ. ಮೀನಾಕ್ಷಿ ರಾಜೀನಾಮೆಯಿತ್ತರು. ವರದಿ ಹೊರಬಂದುದು ಚುನಾವಣೆ ಮುಗಿದ ಮೇಲೆ, ಮೇ 31ರಂದು. ಅದೇ ಸಮೀಕ್ಷೆ 2023-24ರಲ್ಲಿ ಶೇ. 3.2 ಎಂದಾಗ ಸರಕಾರಕ್ಕೆ ಅದು ಸಾಧನೆಯ ಸಾಕ್ಷಿಯಾಯಿತು. ಹಿಂದೆ ಅದನ್ನು ಎತ್ತಿ ಹಿಡಿದಿದ್ದ ವಿರೋಧ ಪಕ್ಷ ಅದರ ಲೆಕ್ಕವನ್ನೇ ಶಂಕಿಸಿತು.

ಈ ಲೆಕ್ಕದಲ್ಲಿ ವರ್ಷಕ್ಕೆ 30 ದಿನ ದುಡಿದವರೂ, ಮನೆಯ ತೋಟದಲ್ಲಿ ಸಂಬಳವಿಲ್ಲದೆ ದುಡಿದವರೂ ಉದ್ಯೋಗಸ್ಥರೇ. ನಮ್ಮ ಬಂಟ್ವಾಳದಲ್ಲಿ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುವ ತಾಯಿಯೂ, ಪದವಿ ಪಡೆದು ತಂದೆಯ ಅಡಿಕೆ ತೋಟದಲ್ಲಿ ದುಡಿಯುವ ಮಗನೂ ನಿರುದ್ಯೋಗಿಗಳಲ್ಲ. ಕೆಲಸವಿಲ್ಲದೆ ಗಲ್ಫಿಗೆ ಹೋದವನು ಲೆಕ್ಕದಿಂದಲೇ ಹೊರಗೆ. ಹಾಗೆಂದು ಶೇ. 3.2 ಸುಳ್ಳಲ್ಲ. ಆದರೆ ಓದಿದ ಮಕ್ಕಳಿಗೆ ತಕ್ಕ ಕೆಲಸವಿದೆಯೆಂದು ಅದು ಹೇಳುವುದೂ ಇಲ್ಲ.

ಸತ್ಯವು ಹೇಳುವವರ ಪಕ್ಷವನ್ನು ನೋಡಿ ಬದಲಾಗದು. ಮತ ಯಾಚಿಸಲು ಬರುವ ಎಲ್ಲ ಪಕ್ಷದವರಲ್ಲೂ ನಾವು ಒಂದೇ ಪ್ರಶ್ನೆ ಕೇಳೋಣ: ಅಂಕಿ ನಿಮಗೆ ಪ್ರತಿಕೂಲವಾದಾಗಲೂ ಅದನ್ನು ಸಕಾಲದಲ್ಲಿ ಪ್ರಕಟಿಸುವಿರಾ?