ಹೊಲಿಗೆಯಂತ್ರದಲ್ಲಿ ಕೌದಿ

ಸವೆದ ಸೀರೆ ಧೋತರಗಳನ್ನು ಪದರಪದರವಾಗಿ ಕೂಡಿಸಿ ಹೊಲಿದ ಕೌದಿಯು ಉತ್ತರ ಕರ್ನಾಟಕದ ಮನೆಗಳಲ್ಲಿ ಹಾಸಿಗೆಯೂ ಹೊದಿಕೆಯೂ ಆಗಿ ಒದಗುತ್ತ ಬಂದಿದೆ. ಕೈಸೂಜಿಯ ಕೆಲಸಕ್ಕೆ ಬಹುದಿನ ಹಿಡಿಯುವುದರಿಂದ, ಮನೆಯಲ್ಲಿ ಹೊಲಿಗೆಯಂತ್ರವುಳ್ಳ ಸೋದರಿಯರು ಅದರಿಂದಲೇ ಕೌದಿಯನ್ನು ಮುಗಿಸಲು ಬಯಸುವುದು ಸಹಜ. ಅಂಥವರಿಗಾಗಿ ಈ ತಿಂಗಳು ಕೆಲವು ಮಾತು ಹೇಳುವೆವು. ತಾಯಿ ಉಟ್ಟ ಸೀರೆಯನ್ನು ಒಮ್ಮೆ ಕತ್ತರಿಸಿದ ಮೇಲೆ ಮರಳಿ ಪಡೆಯುವಂತಿಲ್ಲ. ಆದುದರಿಂದ ಹೊಸಬರು ಮೊದಲು ಒಂದು ಮೊಳದ ಚೌಕದಲ್ಲಿ ಕೈ ಪಳಗಿಸಿಕೊಳ್ಳುವುದು ಲೇಸು.

ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರಗಳ ಕಡೆಯ ಸಿದ್ದಿ ಹೆಂಗಸರು ಕೌದಿಯನ್ನು ಅಂಚಿನಿಂದ ಹೊಲಿಯುತ್ತ ಬಂದು ನಡುವಿನಲ್ಲಿ ಮುಗಿಸುವರು. ಬಟ್ಟೆಯ ಸಡಿಲು ಬಿಗಿಗಳು ಕೈಗೆ ತಿಳಿಯುವುದರಿಂದ ಇದು ಸಾಧ್ಯ. ಯಂತ್ರಕ್ಕೆ ಆ ಅರಿವಿಲ್ಲ. ಅದರ ಹಲ್ಲುಗಳು ಅಡಿಯ ಪದರವನ್ನು ಸಾಗಿಸುವಾಗ ಮೇಲಿನ ಪದರವು ಪಾದದ ಒತ್ತಿಗೆ ಸಿಕ್ಕಿ ಹಿಂದುಳಿಯುವುದು. ಹೀಗೆ ಕೂಡಿದ ಸಡಿಲಿಗೆ ಹೊರದಾರಿ ಬೇಕು. ಆದುದರಿಂದ ಯಂತ್ರದ ಕೌದಿಯನ್ನು ನಡುವಿನಿಂದ ಅಂಚಿನ ಕಡೆಗೆ ಹೊಲಿಯತಕ್ಕದ್ದು.

ಮೊದಲು ಬಟ್ಟೆಗಳನ್ನೆಲ್ಲ ಒಗೆದು ಇಸ್ತ್ರಿ ಮಾಡಬೇಕು. ಕುಗ್ಗುವುದೂ ಬಣ್ಣ ಬಿಡುವುದೂ ಆಗಲೇ ಆಗಿಹೋಗಲಿ. ಬೆಳಕಿಗೆ ಹಿಡಿದು ನೋಡಿ, ಜಾಳಾದ ಭಾಗವನ್ನು ತೆಗೆದುಬಿಡಬೇಕು. ಅಡಿಯ ಬಟ್ಟೆಯು ಸುತ್ತಲೂ 2 ಅಂಗುಲ ಹೆಚ್ಚಿರಲಿ. ಅದನ್ನು ನೆಲದ ಮೇಲೆ ಸುಕ್ಕಿಲ್ಲದಂತೆ ಹರಡಿ, ನಡುವಣ ಪದರವನ್ನೂ ಮೇಲಣ ಬಟ್ಟೆಯನ್ನೂ ಇರಿಸಿ, 4 ಅಂಗುಲಕ್ಕೊಂದು ಸಾಲಿನಂತೆ ಕೈಯಿಂದ ಕಚ್ಚಾ ಹೊಲಿಗೆ ಹಾಕಬೇಕು. ಕೊನೆಗೆ ಬಿಚ್ಚಿಹಾಕುವ ಹೊಲಿಗೆಯೆಂದು ಇದನ್ನು ಅವಸರದಲ್ಲಿ ಮುಗಿಸಬಾರದು. ಕೌದಿಯ ಅಂದಗೇಡು ಬಹುಮಟ್ಟಿಗೆ ಇಲ್ಲಿಯೇ ಹುಟ್ಟುವುದು.

ಯಂತ್ರಕ್ಕೆ 16ನೆಯ ನಂಬರಿನ ಹೊಸ ಸೂಜಿಯನ್ನು ಹಾಕಿ, ಅಂಗುಲಕ್ಕೆ ಎಂಟರಷ್ಟು ಹೊಲಿಗೆ ಬೀಳುವಂತೆ ಅಳವಡಿಸಬೇಕು. ಹಳೆಯ ಬಟ್ಟೆಯಲ್ಲಿ ಒತ್ತೊತ್ತಾಗಿ ತೂತು ಬಿದ್ದರೆ ಅಂಚೆಚೀಟಿಯ ಹಾಳೆಯಂತೆ ಆ ಸಾಲಿನಲ್ಲಿಯೇ ಹರಿಯುವುದು. ಪಾದದ ಒತ್ತಡವನ್ನು ಸಡಿಲಿಸಬಹುದಾದರೆ ತುಸು ಸಡಿಲಿಸಿರಿ. ಮೇಲಿನ ಪದರವನ್ನೂ ಜೊತೆಗೆ ಸಾಗಿಸುವ ‘ವಾಕಿಂಗ್ ಫುಟ್’ ಎಂಬ ಪಾದವು ನಿಮ್ಮ ಯಂತ್ರಕ್ಕೆ ಹೊಂದಿದರೆ ಮತ್ತೂ ಒಳ್ಳೆಯದು. ಕೌದಿಯ ಬಲಭಾಗವನ್ನು ಸುರುಳಿ ಸುತ್ತಿ, ಉಳಿದುದರ ಭಾರವನ್ನು ಮೇಜಿನ ಮೇಲೆ ಇರಿಸಬೇಕು. ಜೋತುಬಿದ್ದರೆ ಸಾಲು ಸೊಟ್ಟಗಾಗುವುದು. 2 ಅಂಗುಲಕ್ಕೊಂದರಂತೆ ನೇರ ಸಾಲುಗಳು ಹೊಸಬರಿಗೆ ಸಾಕು.

ಪ್ರತಿಯೊಂದು ಸಾಲು ಮುಗಿದೊಡನೆ ಅಡಿಯನ್ನು ಮಗುಚಿ ನೋಡಿರಿ. ಸುಕ್ಕು ಕಂಡರೆ ಆಗಲೇ ಬಿಚ್ಚಿ ಹೊಲಿಯಬೇಕು. ಕೊನೆಯಲ್ಲಿ ಕಚ್ಚಾ ಹೊಲಿಗೆಯನ್ನು ತೆಗೆದು, ಹೆಚ್ಚಿದ ಅಡಿಬಟ್ಟೆಯನ್ನು ಮೇಲಕ್ಕೆ ಮಡಿಸಿ ಅಂಚು ಕಟ್ಟಿದರೆ, ತಾಯಿಯ ಸೀರೆ ಮೊಮ್ಮಕ್ಕಳ ಹೊದಿಕೆಯಾಗಿ ಇನ್ನಷ್ಟು ಕಾಲ ಮನೆಯಲ್ಲಿ ಉಳಿಯುವುದು.