ಕೆಸರಿನಲ್ಲಿ ನಿಂತ ಜೀಪು

ಮಲೆನಾಡಿನ ಕಾಫಿ ತೋಟಗಳಲ್ಲಿ ಮಳೆಗಾಲ ಬಂತೆಂದರೆ ತಪ್ಪದೆ ಕಾಣಬರುವ ದೃಶ್ಯವೊಂದುಂಟು. ಏರುದಾರಿಯ ಕೆಮ್ಮಣ್ಣು ನೆನೆದು ಬೆಣ್ಣೆಯಂತಾಗಿದೆ. ನಡುದಾರಿಯಲ್ಲಿ ಜೀಪು ನಿಂತುಬಿಟ್ಟಿದೆ. ನಾಲ್ಕು ಗಾಲಿಗಳಿಗೂ ಶಕ್ತಿ ಸಲ್ಲುವಂತೆ ಚಾಲಕನು ಸನ್ನೆಕೋಲನ್ನು ಎಳೆದಿದ್ದಾನೆ, ಎಂಜಿನ್ ಅಬ್ಬರಿಸುತ್ತಿದೆ. ಆದರೆ ಮುಂದಿನದೊಂದು, ಹಿಂದಿನದೊಂದು ಗಾಲಿ ಮಾತ್ರ ಕೆಸರನ್ನು ಎರಚುತ್ತ ಗಿರ್ರನೆ ತಿರುಗುತ್ತಿವೆ. ಗಟ್ಟಿ ನೆಲದ ಮೇಲಿರುವ ಉಳಿದೆರಡು ಗಾಲಿಗಳು ಕದಲುತ್ತಿಲ್ಲ. ನಾಲ್ಕು ಗಾಲಿಗಳ ಚಾಲನೆಗೆಂದೇ ಹೆಚ್ಚು ಹಣ ತೆತ್ತ ಯಜಮಾನನಿಗೆ ಇದು ಶುದ್ಧ ವಂಚನೆಯೆಂದು ತೋರಿದರೆ ಆಶ್ಚರ್ಯವಿಲ್ಲ. ಹಗ್ಗ ತರಲು ಆಳು ಓಡುತ್ತಾನೆ. ಅಷ್ಟರಲ್ಲಿ ಸುತ್ತ ನೆರೆದವರಿಂದ ಸಲಹೆಗಳು ಬರತೊಡಗುತ್ತವೆ: “ಡಿಫರೆನ್ಷಿಯಲ್ ಲಾಕ್ ಹಾಕಿಸಿ” ಎಂದು ಒಬ್ಬರು, “ಕ್ರೌನ್ ಪಿನಿಯನ್ ಬದಲಾಯಿಸಿ” ಎಂದು ಇನ್ನೊಬ್ಬರು.

ಇವೆರಡೂ ಒಂದೇ ರೋಗಕ್ಕೆ ಹೇಳಿದ ಎರಡು ಮದ್ದುಗಳೆಂಬುದು ಅನೇಕರ ಭಾವನೆ. ವಾಸ್ತವವಾಗಿ ಅವು ಎರಡು ಬೇರೆ ಬೇರೆ ರೋಗಗಳ ಮದ್ದುಗಳು. ಗಾಲಿಗೆ ನೆಲದ ಹಿಡಿತವೇ ಇಲ್ಲದಿರುವುದು ಒಂದು. ಹಿಡಿತವಿದ್ದೂ ಎಂಜಿನ್ನಿನ ಬಲ ಸಾಲದಿರುವುದು ಇನ್ನೊಂದು. ಮೊದಲನೆಯದಕ್ಕೆ ಲಾಕು, ಎರಡನೆಯದಕ್ಕೆ ಗೇರು. ಯಾವುದು ಯಾವುದಕ್ಕೆಂದು ತಿಳಿಯದೆ ಹಣ ಸುರಿದವನ ಜೀಪು ಮುಂದಿನ ಮಳೆಗಾಲದಲ್ಲಿಯೂ ಅದೇ ಜಾಗದಲ್ಲಿ ನಿಲ್ಲುವುದು.

ವಾಹನವು ತಿರುವಿನಲ್ಲಿ ಹೊರಳುವಾಗ ಹೊರಬದಿಯ ಗಾಲಿಯು ಒಳಬದಿಯದಕ್ಕಿಂತ ಹೆಚ್ಚು ದೂರವನ್ನು ಕ್ರಮಿಸಬೇಕಾಗುತ್ತದೆ. ಎತ್ತಿನ ಗಾಡಿಗೆ ಇದರಿಂದ ತೊಡಕಿಲ್ಲ. ಅದರ ಗಾಲಿಗಳು ಅಚ್ಚಿನ ಮೇಲೆ ಸ್ವತಂತ್ರವಾಗಿ ತಿರುಗುತ್ತವೆ, ಎಳೆಯುವ ಕೆಲಸ ಎತ್ತುಗಳದು. ಗಾಲಿಗಳೇ ವಾಹನವನ್ನು ನೂಕಬೇಕಾದಾಗ ಸಮಸ್ಯೆ ಹುಟ್ಟುತ್ತದೆ. ಇದಕ್ಕೆ ಫ್ರಾನ್ಸಿನ ಒನೆಸಿಫೋರ್ ಪೆಕ್ಯೂರ್ ಎಂಬಾತನು 1820ರ ದಶಕದಲ್ಲಿ ತನ್ನ ಉಗಿಗಾಡಿಗಾಗಿ ಒಂದು ಪರಿಹಾರವನ್ನು ರೂಪಿಸಿದನು. ಅದೇ ಡಿಫರೆನ್ಷಿಯಲ್. ಎರಡು ಗಾಲಿಗಳ ನಡುವೆ ಕುಳಿತಿರುವ ಈ ಹಲ್ಲುಚಕ್ರಗಳ ಗುಂಪು ಎರಡಕ್ಕೂ ಬೇರೆ ಬೇರೆ ವೇಗವನ್ನು ಅನುಮತಿಸುತ್ತದೆ. ಆದರೆ ತಿರುಗುಬಲವನ್ನು ಮಾತ್ರ ಸರಿಸಮನಾಗಿ ಹಂಚುತ್ತದೆ.

ಕೆಸರಿನಲ್ಲಿ ಮುಳುವಾಗುವುದು ಈ ಸಮಪಾಲೇ. ತಿರುಗುತ್ತಿರುವ ಗಾಲಿಯೇ ಬಲವನ್ನೆಲ್ಲ ನುಂಗುತ್ತದೆಂದು ಜನ ಹೇಳುವುದುಂಟು. ಅದು ಸರಿಯಲ್ಲ. ಕೆಸರಿನಲ್ಲಿರುವ ಗಾಲಿಯು ಹತ್ತು ಪಾಲಿನಷ್ಟು ಬಲವನ್ನು ಮಾತ್ರ ನೆಲಕ್ಕೆ ಕೊಡಬಲ್ಲದೆಂದು ಭಾವಿಸಿದರೆ, ಗಟ್ಟಿ ನೆಲದ ಮೇಲಿನ ಗಾಲಿಗೆ ಸಿಗುವುದೂ ಆ ಹತ್ತೇ. ನೂರು ಪಾಲನ್ನು ತಾಳುವ ಶಕ್ತಿ ಅದಕ್ಕಿದ್ದರೂ ಪ್ರಯೋಜನವಿಲ್ಲ. ಹೀಗೆ ಮುಂದಿನ ಅಚ್ಚಿನಲ್ಲಿ ಒಂದು, ಹಿಂದಿನ ಅಚ್ಚಿನಲ್ಲಿ ಒಂದು ಗಾಲಿ ಹಿಡಿತ ತಪ್ಪಿದರೆ ನಾಲ್ಕು ಗಾಲಿಗಳ ಚಾಲನೆಯೂ ನಿಷ್ಫಲ. ಅನುಭವಿ ಚಾಲಕರು ಇಂತಹ ಸಮಯದಲ್ಲಿ ಬ್ರೇಕನ್ನು ಹಗುರಾಗಿ ಒತ್ತಿ ಎಂಜಿನ್ನಿಗೆ ತುಸು ಹೆಚ್ಚು ಬಲ ಕೊಡುವುದುಂಟು. ತಿರುಗುವ ಗಾಲಿಗೆ ಬ್ರೇಕು ಪ್ರತಿರೋಧವನ್ನೊಡ್ಡಿದಷ್ಟೂ ಜೊತೆಯ ಗಾಲಿಗೆ ಪಾಲು ಹೆಚ್ಚುತ್ತದೆ. ಈಚಿನ ವಾಹನಗಳು ಹಲವು ಜಾರುವ ಗಾಲಿಯೊಂದನ್ನೇ ತಾವಾಗಿ ಬ್ರೇಕಿನಿಂದ ಹಿಡಿಯುವುದು ಇದೇ ತತ್ತ್ವದ ಮೇಲೆ.

ಲಾಕು ಮಾಡುವುದು ಇಷ್ಟೆ: ಡಿಫರೆನ್ಷಿಯಲ್ಲಿನ ಕೆಲಸವನ್ನು ತಾತ್ಕಾಲಿಕವಾಗಿ ರದ್ದುಮಾಡಿ ಎರಡು ಗಾಲಿಗಳನ್ನೂ ಒಂದಾಗಿ ತಿರುಗಿಸುವುದು. ಆಗ ಗಟ್ಟಿ ನೆಲದ ಗಾಲಿಗೆ ಅದು ತಾಳುವಷ್ಟು ಬಲವೂ ದೊರೆಯುತ್ತದೆ. ಇದರಲ್ಲಿ ಮೂರು ಬಗೆಗಳು ಮುಖ್ಯ. ಜಾರುವಿಕೆಯನ್ನು ಘರ್ಷಣೆಯ ತಟ್ಟೆಗಳಿಂದ ಭಾಗಶಃ ತಡೆಯುವುದು ಒಂದು. ಇದು ಸೌಮ್ಯ, ಆದರೆ ಗಾಲಿ ಗಾಳಿಯಲ್ಲಿ ತೇಲಿದರೆ ಇದರ ಸಹಾಯ ಅಲ್ಪ. ತಾನಾಗಿಯೇ ಬಿಗಿಯುವುದು ಎರಡನೆಯದು. ಇವುಗಳಲ್ಲಿ ಕೆಲವು ನುಣುಪಾದ ರಸ್ತೆಯ ತಿರುವುಗಳಲ್ಲಿ ಟಕಟಕ ಸದ್ದನ್ನೂ ಜಗ್ಗಾಟವನ್ನೂ ಉಂಟುಮಾಡುತ್ತವೆ. ಚಾಲಕನು ಬೇಕೆಂದಾಗ ಹಾಕಿ ಬೇಡವೆಂದಾಗ ತೆಗೆಯುವುದು ಮೂರನೆಯದು. ಒತ್ತಿದ ಗಾಳಿ, ವಿದ್ಯುತ್ತು ಅಥವಾ ಕೈಯ ಸನ್ನೆಕೋಲು ಇದನ್ನು ನಡೆಸುತ್ತದೆ. ಭಾರತದ ಗೂರ್ಖಾ ವಾಹನದಲ್ಲಿ ಮುಂದಕ್ಕೂ ಹಿಂದಕ್ಕೂ ಈ ಮೂರನೆಯ ಬಗೆಯ ಲಾಕುಗಳೂ, ಥಾರ್‌ನ ಕೆಲವು ಮಾದರಿಗಳಲ್ಲಿ ಹಿಂದಿನ ಅಚ್ಚಿಗೆ ತಾನಾಗಿ ಬಿಗಿಯುವ ಲಾಕೂ ಕಾರ್ಖಾನೆಯಿಂದಲೇ ಬಂದಿವೆ.

ಇನ್ನು ಗೇರಿನ ವಿಚಾರ. ಎಂಜಿನ್ನಿನಿಂದ ಬರುವ ಸರಳಿನ ತುದಿಯಲ್ಲಿರುವ ಪುಟ್ಟ ಪಿನಿಯನ್, ಅಚ್ಚಿನ ನಡುವಿರುವ ದೊಡ್ಡ ಕ್ರೌನ್ ಚಕ್ರವನ್ನು ತಿರುಗಿಸುತ್ತದೆ. ಇವೆರಡರ ಹಲ್ಲುಗಳ ಅನುಪಾತವೇ ಅಚ್ಚಿನ ಗೇರು ಅನುಪಾತ. ಇದರ ಮಹಿಮೆಯನ್ನು ತಿಳಿಯಲು ಜೀಪಿನ ವಂಶವೃತ್ತಾಂತವೇ ಸಾಕು. 1941ರಲ್ಲಿ ಹುಟ್ಟಿದ ಯುದ್ಧದ ಜೀಪು ವಿಲ್ಲಿಸ್ ಎಂಬಿಯಲ್ಲಿ ಪಿನಿಯನ್ನಿಗೆ 8 ಹಲ್ಲು, ಕ್ರೌನಿಗೆ 39, ಅನುಪಾತ 4.88. 1945ರಲ್ಲಿ ರೈತರಿಗೆಂದು ಬಂದ ಸಿಜೆ-2ಎ ಜೀಪಿನಲ್ಲಿ 8ಕ್ಕೆ 43, ಅನುಪಾತ 5.38. ಎಂಜಿನ್ ಮೂಲತಃ ಅದೇ, 60 ಕುದುರೆಶಕ್ತಿಯದು. ಸೇನೆಗೆ ರಸ್ತೆಯ ಓಟವೂ ಬೇಕಿತ್ತು. ರೈತನಿಗೆ ನೇಗಿಲನ್ನೆಳೆಯುವ ನಿಧಾನದ ಬಲ ಬೇಕಿತ್ತು. ಗೇರುಪೆಟ್ಟಿಗೆಯ ಮೊದಲ ಗೇರು, ಲೋ ಗೇರು, ಅಚ್ಚಿನ ಗೇರು ಈ ಮೂರನ್ನೂ ಗುಣಿಸಿದರೆ ಮೊದಲನೆಯದರಲ್ಲಿ ಸುಮಾರು 25.6, ಎರಡನೆಯದರಲ್ಲಿ ಸುಮಾರು 36.6 ಬರುತ್ತದೆ. ಎಂದರೆ ಗಾಲಿ ಒಂದು ಸುತ್ತು ತಿರುಗುವಷ್ಟರಲ್ಲಿ ಎಂಜಿನ್ ಅಷ್ಟು ಸುತ್ತು ತಿರುಗಿರುತ್ತದೆ. ನಿಮಿಷಕ್ಕೆ ಸಾವಿರ ಸುತ್ತಿನ ಎಂಜಿನ್ ವೇಗದಲ್ಲಿ ಯುದ್ಧದ ಜೀಪು ಗಂಟೆಗೆ ಸುಮಾರು 5.2 ಕಿಲೋಮೀಟರು ಸಾಗಿದರೆ, ರೈತನ ಜೀಪು ಸುಮಾರು 3.7 ಕಿಲೋಮೀಟರಿನಂತೆ ತೆವಳುತ್ತದೆ. ಕಲ್ಲುಗುಂಡಿನ ಇಳಿಜಾರಿನಲ್ಲಿ ಈ ವ್ಯತ್ಯಾಸವು ಪ್ರಾಣರಕ್ಷಕ. ವಾಹನವನ್ನು ಎಂಜಿನ್ನೇ ಹಿಡಿದಿಡುವುದರಿಂದ ಬ್ರೇಕಿಗೆ ಬಿಡುವು ದೊರೆಯುತ್ತದೆ.

ದೊಡ್ಡ ಟೈರು ಹಾಕಿದವನು ತನಗರಿವಿಲ್ಲದೆಯೇ ಗೇರನ್ನು ಬದಲಿಸಿದಂತಾಗುತ್ತದೆ. 29 ಅಂಗುಲದ ಟೈರಿನ ಮೇಲೆ 4.10 ಅನುಪಾತವಿದ್ದ ವಾಹನಕ್ಕೆ 33 ಅಂಗುಲದ ಟೈರು ತೊಡಿಸಿದರೆ, ಮೊದಲಿನ ಎಳೆತವನ್ನು ಮರಳಿ ಪಡೆಯಲು 4.67 ಬೇಕು. ಆ ಸಂಖ್ಯೆ ಅಂಗಡಿಯಲ್ಲಿ ಸಿಗದಿದ್ದರೆ ಅದರ ಆಚೀಚೆಯ 4.56 ಮತ್ತು 4.88ರ ನಡುವೆ ಆರಿಸಬೇಕು. ಹೆದ್ದಾರಿಯಲ್ಲಿ ಹೆಚ್ಚು ಓಡಾಡುವವನಿಗೆ ಮೊದಲನೆಯದು, ತೋಟದ ಏರಿನಲ್ಲಿ ಹೊರೆ ಹೊರುವವನಿಗೆ ಎರಡನೆಯದು ಒಪ್ಪುವುದು. ಅನುಪಾತ ಏರಿದಂತೆ ಪಿನಿಯನ್ ಕಿರಿದಾಗುತ್ತ ಅದರ ಗಟ್ಟಿತನವೂ ಕಡಿಮೆಯಾಗುವುದರಿಂದ ಮಿತಿಮೀರಿದ ಆಸೆ ಸಲ್ಲದು.

ಆದುದರಿಂದ ಕೆಲಸಕ್ಕೊಂದು ಕ್ರಮವುಂಟು. ಮೊದಲು ಟೈರು ನಿಶ್ಚಯವಾಗಬೇಕು, ಬಳಿಕ ಗೇರು, ಅನಂತರ ಲಾಕು. ಏಕೆಂದರೆ ಕೆಲವು ಅಚ್ಚುಗಳಲ್ಲಿ ಎಲ್ಲ ಅನುಪಾತಗಳಿಗೂ ಒಂದೇ ಲಾಕು ಹೊಂದುವುದಿಲ್ಲ. ಉದಾಹರಣೆಗೆ, ಬಹಳ ಬಳಕೆಯಲ್ಲಿರುವ ಡಾನಾ 44 ಅಚ್ಚಿನಲ್ಲಿ 3.73ರವರೆಗೆ ಒಂದು ಅಳತೆಯಾದರೆ, 3.92ರಿಂದ ಮೇಲಕ್ಕೆ ಇನ್ನೊಂದು. ಲಾಕನ್ನು ಮೊದಲು ಕೊಂಡು ಗೇರನ್ನು ಆಮೇಲೆ ಯೋಚಿಸಿದವನು ಎರಡು ಬಾರಿ ಬೆಲೆ ತೆರಬೇಕಾದೀತು. ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ಅನುಪಾತ ಒಂದೇ ಇರತಕ್ಕದ್ದು. ಹಿಂದಿನದನ್ನು ಮಾತ್ರ ಬದಲಿಸಿ ಹಣ ಉಳಿಸಿದೆನೆಂದುಕೊಂಡವನು ನಾಲ್ಕು ಗಾಲಿಗಳ ಚಾಲನೆಯನ್ನು ತೊಡಗಿಸಿದೊಡನೆ ಎರಡು ಅಚ್ಚುಗಳೂ ಪರಸ್ಪರ ಜಗ್ಗಾಡಿ ನಡುವಣ ಹಲ್ಲುಚಕ್ರಗಳನ್ನು ಹಾಳುಗೆಡವುತ್ತವೆ. ಜೋಡಣೆಯಂತೂ ನುರಿತ ಕೈಯ ಕೆಲಸ. ಹಲ್ಲುಗಳ ನಡುವಣ ಸಡಿಲವು ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಐದನೆಯ ಒಂದು ಪಾಲಿನಷ್ಟು ಮಾತ್ರ. ಹಲ್ಲಿಗೆ ಬಣ್ಣ ಬಳಿದು, ಹಲ್ಲು ಹಲ್ಲನ್ನು ಎಲ್ಲಿ ಮುಟ್ಟುತ್ತದೆಂಬುದನ್ನು ನೋಡದೆ ಮುಚ್ಚಳ ಹಾಕುವ ಮಿಸ್ತ್ರಿಯಿಂದ ದೂರವಿರುವುದೇ ಕ್ಷೇಮ. ಜೋಡಿಸಿದ ಬಳಿಕ ಹೊಸ ಹಲ್ಲುಗಳು ಒಗ್ಗುವವರೆಗೆ ಭಾರ ಹೇರದೆ, ಆಗಾಗ ನಿಲ್ಲಿಸಿ ತಣಿಸುತ್ತ ಓಡಿಸಿ, ಕೆಲವು ನೂರು ಕಿಲೋಮೀಟರುಗಳಾದ ಮೇಲೆ ಎಣ್ಣೆಯನ್ನು ಬದಲಿಸಬೇಕು. ಇದಲ್ಲದೆ, 1988ರ ಮೋಟಾರು ವಾಹನಗಳ ಅಧಿನಿಯಮದ 52ನೆಯ ಪ್ರಕರಣವು ಮಾರ್ಪಾಡುಗಳಿಗೆ ಮಿತಿಯನ್ನು ಹಾಕಿದೆ. ಸಾರಿಗೆ ಕಚೇರಿಯಲ್ಲಿ ಮೊದಲೇ ವಿಚಾರಿಸುವುದು ಲೇಸು.

ಲಾಕಿನ ಬೆಲೆಯು ಅಂಗಡಿಯ ರಸೀತಿಯಲ್ಲಿ ಮುಗಿಯುವುದಿಲ್ಲ. ಇಬ್ಬರು ಸಮನಾಗಿ ಹೊರುತ್ತಿದ್ದ ಹೊರೆಯನ್ನು ಲಾಕು ಹಾಕಿದಾಗ ಒಂದೇ ಆಕ್ಸಲ್ ಸರಳು ಹೊರಬೇಕಾಗಬಹುದು. ದುರ್ಬಲವಾದ ಸರಳು ಆಗ ಮುರಿಯುತ್ತದೆ. ಮುಂದಿನ ಅಚ್ಚನ್ನು ಬಿಗಿದರೆ ಸ್ಟೀರಿಂಗ್ ಕಲ್ಲಿನಂತಾಗುತ್ತದೆ. ಎಲ್ಲಕ್ಕಿಂತ ಮಿಗಿಲಾದ ಅಪಾಯ ಓರೆಯಾದ ಗುಡ್ಡದ ಮೈಯ ಮೇಲೆ. ಲಾಕಿಲ್ಲದ ವಾಹನದಲ್ಲಿ ಒಂದು ಗಾಲಿ ಜಾರಿ ತಿರುಗುತ್ತಿದ್ದರೂ, ತಿರುಗದೆ ನಿಂತ ಇನ್ನೊಂದು ಗಾಲಿಯು ವಾಹನವನ್ನು ಪಕ್ಕಕ್ಕೆ ಸರಿಯದಂತೆ ಹಿಡಿದಿರುತ್ತದೆ. ಲಾಕಿದ್ದರೆ ಎರಡೂ ಒಟ್ಟಿಗೆ ಜಾರಿ ತಿರುಗುತ್ತವೆ. ಹಿಂಭಾಗವು ಮೆಲ್ಲನೆ ಕಣಿವೆಯ ಕಡೆಗೆ ಸರಿಯತೊಡಗುತ್ತದೆ. ಸಿಲುಕಿ ನಿಲ್ಲುವ ವಾಹನದಿಂದ ನಷ್ಟವಾಗುವುದು ಒಂದು ಮಧ್ಯಾಹ್ನ. ಇಲ್ಲಿ ನಷ್ಟವಾಗಬಹುದಾದದ್ದು ಒಳಗೆ ಕುಳಿತವರ ಜೀವ. ಲಾಕಿನ ಕೀಲಿಯನ್ನು ಒತ್ತಲು ಕಲಿತವನು, ಅದನ್ನು ತೆಗೆಯಲು ಅದಕ್ಕಿಂತ ಮೊದಲೇ ಕಲಿತಿರಬೇಕು.

ಮಲೆನಾಡಿನ ಆ ಯಜಮಾನನು ಹಗ್ಗ ಬರುವವರೆಗೆ ಜೀಪಿನಿಂದಿಳಿದು ಒಂದು ಸಂಗತಿಯನ್ನು ಗಮನಿಸಿದರೆ ಸಾಕು. ಏರಿನಲ್ಲಿ ಗಾಲಿಗಳು ಜಾರದೆಯೇ ಎಂಜಿನ್ ಉಸಿರುಗಟ್ಟಿ ನಿಲ್ಲುತ್ತಿದ್ದರೆ ಅವನಿಗೆ ಬೇಕಾದುದು ಗೇರು. ಎಂಜಿನ್ ಸಲೀಸಾಗಿ ಓಡುತ್ತಿದ್ದು ಗಾಲಿ ಕೆಸರೆರಚುತ್ತಿದ್ದರೆ ಮೊದಲು ಟೈರಿನ ಹಲ್ಲು ಸವೆದಿದೆಯೆ, ಗಾಳಿ ಹೆಚ್ಚಾಗಿದೆಯೆ ಎಂದು ಪರೀಕ್ಷಿಸತಕ್ಕದ್ದು. ಅವೆರಡೂ ಸರಿಯಿದ್ದು ಜೀಪು ಪದೇ ಪದೇ ಹೀಗೆಯೇ ನಿಲ್ಲುವುದಾದರೆ ಹಿಂದಿನ ಅಚ್ಚಿಗೊಂದು ಲಾಕನ್ನು ಹಾಕಿಸಲಿ. ಮುಂದಿನದರ ಯೋಚನೆಯನ್ನು ಇನ್ನೊಂದು ಮಳೆಗಾಲ ಕಳೆದ ಮೇಲೆ ಮಾಡಿದರೆ ತಡವೇನೂ ಆಗದು.