ಡಾಕ್ಟರಿಗೆ ಹೇಳದ ಅರಿಶಿನ

ಚೆನ್ನೈನ ಕ್ರೋಂಪೇಟೆಯಲ್ಲಿ ಒಂದು ಕನ್ನಡದ ಮನೆಯನ್ನು ಕಲ್ಪಿಸಿಕೊಳ್ಳಬಹುದು. ಮನೆಯಾಕೆಗೆ ಸ್ತನ ಕ್ಯಾನ್ಸರ್. ಮೂರು ವಾರಕ್ಕೊಮ್ಮೆ ಕೀಮೋ. ಆ ದಿನ ಬೆಳಿಗ್ಗೆಯೇ ಜಿ.ಎಸ್.ಟಿ. ರಸ್ತೆಯ ದಟ್ಟಣೆಯಲ್ಲಿ ಆಸ್ಪತ್ರೆಗೆ ಹೋದರೆ ಸಂಜೆ ಸುಸ್ತಾಗಿ ಮರಳುವುದು. ಇತ್ತೀಚೆಗೆ ಅಡುಗೆಮನೆಯ ಕಪಾಟಿನಲ್ಲಿ, ಸಾರಿನಪುಡಿ ಡಬ್ಬಿಯ ಪಕ್ಕ, ಒಂದು ಹೊಸ ಶೀಶೆ ಬಂದು ಕೂತಿದೆ. ಅಮೆರಿಕದಲ್ಲಿರುವ ಮಗಳು ತಂದದ್ದೋ, ಮೈಸೂರಿನ ನಾದಿನಿ ಕೊರಿಯರ್ ಮಾಡಿದ್ದೋ ಇರಬೇಕು. ಒಳಗೆ ಅರಿಶಿನದ ಕ್ಯಾಪ್ಸೂಲುಗಳು. ಬೆಳಿಗ್ಗೆ ಒಂದು, ರಾತ್ರಿ ಒಂದು.

ಡಾಕ್ಟರು ಪ್ರತಿ ಸಲವೂ ತಮಿಳಿನಲ್ಲಿ ಕೇಳುತ್ತಾರೆ, ಬೇರೆ ಯಾವುದಾದರೂ ಮಾತ್ರೆ ತಗೊಳ್ಳುತ್ತಿದ್ದೀರಾ ಎಂದು. ಆಕೆ 'ಇಲ್ಲೆ' ಎನ್ನುತ್ತಾರೆ. ಅದು ಸುಳ್ಳಲ್ಲ. ಆಕೆಯ ಲೆಕ್ಕದಲ್ಲಿ ಅರಿಶಿನ ಮಾತ್ರೆಯೇ ಅಲ್ಲ. ಹುಳಿಗೆ ಹಾಕುವುದು, ಹೊಸ್ತಿಲಿಗೆ ಹಚ್ಚುವುದು, ಮುತ್ತೈದೆಯರಿಗೆ ಕೊಡುವುದು, ಕೆಮ್ಮು ಬಂದಾಗ ಹಾಲಿಗೆ ಬೆರೆಸುವುದು. ಅದನ್ನು ಡಾಕ್ಟರ ಮುಂದೆ ಔಷಧಿಯೆಂದು ಹೇಳುವುದು ಹೇಗೆ?

ಕ್ಯಾನ್ಸರ್ ಚಿಕಿತ್ಸೆಯಲ್ಲಿ ಅರಿಶಿನದಿಂದ ಬರುವ ತೊಂದರೆಯ ಅರ್ಧ ಪಾಲು ಆ 'ಇಲ್ಲೆ'ಯಲ್ಲಿದೆ.

ಮೊದಲು ಪ್ರಮಾಣದ ಮಾತು. ಅರಿಶಿನದಲ್ಲಿ ಔಷಧಿಯ ಗುಣವಿದೆ ಎನ್ನುವಾಗ ವಿಜ್ಞಾನಿಗಳು ಮುಖ್ಯವಾಗಿ ಹೇಳುವುದು ಅದರಲ್ಲಿರುವ ಕರ್ಕ್ಯುಮಿನ್ ಎಂಬ ಹಳದಿ ವಸ್ತುವಿನ ಬಗ್ಗೆ. ಅರಿಶಿನಪುಡಿಯ ತೂಕದಲ್ಲಿ ಅದು ಸುಮಾರು ಶೇ 3ರಷ್ಟು ಮಾತ್ರ. ಒಂದು ಟೀ ಚಮಚ, ಅಂದರೆ ಸುಮಾರು 3 ಗ್ರಾಂ ಪುಡಿಯಲ್ಲಿ 90 ಮಿಲಿಗ್ರಾಂ. ಮನೆಮಂದಿಗೆಲ್ಲ ಮಾಡುವ ಹುಳಿಗೆ ಬೀಳುವುದು ಕಾಲು ಚಮಚ. ಒಬ್ಬರ ಪಾಲಿಗೆ ಬರುವುದು ಕೆಲವೇ ಮಿಲಿಗ್ರಾಂ. ಪೇಟೆಯಲ್ಲಿ ಸಿಗುವ ಕ್ಯಾಪ್ಸೂಲುಗಳಲ್ಲಿ ಹಲವು 500 ಮಿಲಿಗ್ರಾಮಿನವು, ಅದರಲ್ಲಿ ಶೇ 95ರಷ್ಟು ಕರ್ಕ್ಯುಮಿನ್ ಮತ್ತು ಅದೇ ಜಾತಿಯ ವಸ್ತುಗಳು. ದಿನಕ್ಕೆ ಎರಡು ನುಂಗಿದರೆ ಹತ್ತು ಚಮಚ ಅರಿಶಿನದ ಸಾರ ಒಳಗೆ ಹೋದಂತೆ. ಯಾವ ಅಜ್ಜಿಯೂ ಯಾರಿಗೂ ದಿನಕ್ಕೆ ಹತ್ತು ಚಮಚ ಅರಿಶಿನ ತಿನ್ನಿಸಿರಲಾರಳು. ಅತಿಯಾದರೆ ಅಮೃತವೂ ವಿಷ ಎಂಬ ಮಾತು ಗೊತ್ತಿಲ್ಲದ ಮನೆಯಿಲ್ಲ. ಆದರೆ ಎರಡು ಪುಟ್ಟ ಕ್ಯಾಪ್ಸೂಲುಗಳು ಅತಿಯೆಂದು ಯಾರಿಗೂ ಅನಿಸುವುದಿಲ್ಲ.

ಎರಡನೆಯದು ಕಾಳುಮೆಣಸು. ಬರೀ ಕರ್ಕ್ಯುಮಿನ್ ನುಂಗಿದರೆ ಅದು ರಕ್ತಕ್ಕೆ ಸೇರುವುದು ತೀರ ಕಡಿಮೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಔಷಧಶಾಸ್ತ್ರ ವಿಭಾಗದಿಂದ 1998ರಲ್ಲಿ ಹೊರಬಂದ ಒಂದು ಸಂಶೋಧನೆ ಇದಕ್ಕೊಂದು ದಾರಿ ತೋರಿಸಿತು. 2 ಗ್ರಾಂ ಕರ್ಕ್ಯುಮಿನ್ ಜೊತೆ ಮೆಣಸಿನ ಖಾರದ ಅಂಶವಾದ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ, ಆರೋಗ್ಯವಂತ ಸ್ವಯಂಸೇವಕರ ರಕ್ತಕ್ಕೆ ಸೇರಿದ ಕರ್ಕ್ಯುಮಿನ್ ಶೇ 2,000ದಷ್ಟು ಹೆಚ್ಚಿತು. ಇಂದು ಜಗತ್ತಿನಾದ್ಯಂತ ಅರಿಶಿನದ ಶೀಶೆಗಳ ಮೇಲೆ 'ಮೆಣಸಿನ ಸಾರ ಸೇರಿದೆ' ಎಂದು ಹೆಮ್ಮೆಯಿಂದ ಬರೆದಿರುವುದರ ಹಿಂದೆ ಬೆಂಗಳೂರಿನ ಈ ಲೆಕ್ಕವಿದೆ.

ಮೆಣಸಿನ ಸಾರಿನಲ್ಲೂ ಇವೆರಡೂ ಇವೆಯಲ್ಲ ಎಂದು ಕೇಳಬಹುದು. ಇವೆ, ಆದರೆ ಅಲ್ಲಿ ಮೆಣಸು ಒಳಗೆ ಬಿಡುವುದಕ್ಕೆ ಇರುವ ಕರ್ಕ್ಯುಮಿನ್ನೇ ಚಿಟಿಕೆಯಷ್ಟು. ಕ್ಯಾಪ್ಸೂಲಿನಲ್ಲಿ ಬಾಗಿಲು ತೆರೆದಿದೆ, ಹೊರಗೆ ದೊಡ್ಡ ಗುಂಪೂ ಕಾದಿದೆ. ಇನ್ನೊಂದು ವಿಷಯವೂ ಇದೆ. ಪೈಪರಿನ್ ಬಾಗಿಲು ತೆರೆಯುವುದು ಕರ್ಕ್ಯುಮಿನ್ನಿಗೆ ಮಾತ್ರವಲ್ಲ. ಔಷಧಿಗಳನ್ನು ಒಡೆದು ಹೊರಹಾಕುವ ಲಿವರಿನ ಮತ್ತು ಕರುಳಿನ ಕೆಲವು ವ್ಯವಸ್ಥೆಗಳನ್ನೇ ಅದು ತಡೆಯಬಲ್ಲದು. ಕ್ಯಾನ್ಸರಿನ ಎಷ್ಟೋ ಔಷಧಿಗಳು ಸಾಗುವುದು ಅದೇ ದಾರಿಯಲ್ಲಿ. ಆ ಔಷಧಿಗಳ ಪ್ರಮಾಣವನ್ನು ಡಾಕ್ಟರು ರೋಗಿಯ ಎತ್ತರ, ತೂಕ, ರಕ್ತದ ವರದಿ ನೋಡಿ ಅಳೆದು ಕೊಟ್ಟಿರುತ್ತಾರೆ. ಆ ಲೆಕ್ಕದಲ್ಲಿ ಶೀಶೆಗೆ ಜಾಗವಿರುವುದಿಲ್ಲ.

ಇದು ಬರೀ ಊಹೆಯಲ್ಲ. ನೆದರ್‌ಲೆಂಡ್ಸ್‌ನ ರಾಟರ್‌ಡ್ಯಾಮಿನಲ್ಲಿ, ಸ್ತನ ಕ್ಯಾನ್ಸರಿಗೆ ಟಾಮಾಕ್ಸಿಫೆನ್ ತೆಗೆದುಕೊಳ್ಳುತ್ತಿದ್ದ 16 ರೋಗಿಗಳಿಗೆ ದಿನಕ್ಕೆ ಮೂರು ಬಾರಿ 1,200 ಮಿಲಿಗ್ರಾಂ ಕರ್ಕ್ಯುಮಿನ್ ಕೊಟ್ಟು ನೋಡಿದರು. 2019ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ರಕ್ತದಲ್ಲಿ ನಿಜವಾಗಿ ಕೆಲಸ ಮಾಡುವ ಎಂಡಾಕ್ಸಿಫೆನ್ ಅಂಶ ಸುಮಾರು ಶೇ 8ರಷ್ಟು, ಪೈಪರಿನ್ ಸೇರಿದಾಗ ಶೇ 12ರಷ್ಟು ಇಳಿಯಿತು. ಪ್ರಮಾಣ ದೊಡ್ಡದಿತ್ತು, ರೋಗಿಗಳು ಕೆಲವೇ ಮಂದಿ, ನಿಜ. ಆದರೆ ಔಷಧಿಯ ಮಟ್ಟ ಅಂಚಿನಲ್ಲಿರುವ ಹೆಂಗಸಿಗೆ ಆ ಇಳಿತ ಸಣ್ಣದಲ್ಲ. ಅದು ಇಳಿದದ್ದು ಆಕೆಗೆ ಗೊತ್ತೂ ಆಗುವುದಿಲ್ಲ. 2002ರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯದ ಸಂಶೋಧಕರು, ಆಹಾರದಲ್ಲಿ ಕರ್ಕ್ಯುಮಿನ್ ತಿಂದ ಇಲಿಗಳಲ್ಲಿ ಸೈಕ್ಲೊಫಾಸ್ಫಮೈಡ್ ಎಂಬ ಕೀಮೋ ಔಷಧಿ ಗಡ್ಡೆಯನ್ನು ಕುಗ್ಗಿಸುವ ಶಕ್ತಿಯೇ ತಗ್ಗಿದ್ದನ್ನು ಕಂಡಿದ್ದರು.

ಮೂರನೆಯದು ಲಿವರ್. ಔಷಧಿಯಿಂದ ಲಿವರಿಗಾಗುವ ಹಾನಿಯನ್ನು ಗಮನಿಸುವ ಅಮೆರಿಕದ ವೈದ್ಯರ ಜಾಲವೊಂದು ಅರಿಶಿನದ ಉತ್ಪನ್ನಗಳಿಂದಾದ 10 ಪ್ರಕರಣಗಳನ್ನು ವರದಿ ಮಾಡಿದೆ. ಐವರು ಆಸ್ಪತ್ರೆ ಸೇರಬೇಕಾಯಿತು, ಒಬ್ಬರು ತೀರಿಕೊಂಡರು. ಹತ್ತರಲ್ಲಿ ಏಳು ಮಂದಿಯಲ್ಲಿ ಒಂದೇ ಬಗೆಯ ವಂಶವಾಹಿ ಇತ್ತು. ಅಂದರೆ ಎಲ್ಲರಿಗೂ ಹೀಗಾಗುವುದಿಲ್ಲ, ಆದರೆ ಯಾರಿಗೆ ಆಗುತ್ತದೆಂದು ಮೊದಲೇ ಹೇಳಲಾಗದು. ಇಂಥವೇ ಪ್ರಕರಣಗಳು ಬಂದ ಮೇಲೆ ಇಟಲಿ ಶೀಶೆಗಳ ಮೇಲೆ ಎಚ್ಚರಿಕೆ ಹಾಕಿಸಿತು. ಆಸ್ಟ್ರೇಲಿಯಾ 2023ರಲ್ಲಿ ಜನರಿಗೆ ಎಚ್ಚರಿಕೆ ಕೊಟ್ಟಿತು. ಕೋಟ್ಯಂತರ ಮಂದಿ ಬಳಸುವುದರಲ್ಲಿ ಇದು ಅಪರೂಪ. ಕ್ಯಾನ್ಸರ್ ರೋಗಿಯ ವಿಷಯದಲ್ಲಿ ಮಾತ್ರ ಈ ಅಪರೂಪಕ್ಕೆ ಬೇರೆಯೇ ತೂಕವಿದೆ. ರಕ್ತಪರೀಕ್ಷೆಯಲ್ಲಿ ಲಿವರಿನ ಅಂಕಿಗಳು ಏರಿದರೆ ಡಾಕ್ಟರು ಮೊದಲು ಅನುಮಾನಿಸುವುದು ಕೀಮೋವನ್ನೇ. ಮುಂದಿನ ಸರದಿಯನ್ನು ಮುಂದೂಡಬಹುದು, ಔಷಧಿ ತಗ್ಗಿಸಬಹುದು. ತಪ್ಪು ಕ್ಯಾಪ್ಸೂಲಿನದಾಗಿದ್ದರೆ, ಮಾಡದ ತಪ್ಪಿಗೆ ಜೀವ ಉಳಿಸುವ ಔಷಧಿಗೇ ಶಿಕ್ಷೆ. ರಕ್ತ ತೆಳುವಾಗಿಸುವ ವಾರ್ಫರಿನ್ ನುಂಗುವವರಿಗೆ, ಶಸ್ತ್ರಚಿಕಿತ್ಸೆ ಗೊತ್ತಾಗಿರುವವರಿಗೆ ರಕ್ತಸ್ರಾವದ ಭಯವೂ ಇದೆ.

ಹಾಗಾದರೆ ಅರಿಶಿನದಲ್ಲಿ ಏನೂ ಇಲ್ಲವೇ? ಹಾಗೆನ್ನುವುದೂ ಅನ್ಯಾಯ. ಅರ್ಮೇನಿಯಾದಲ್ಲಿ, ದೇಹದ ಬೇರೆಡೆಗೆ ಹರಡಿದ ಸ್ತನ ಕ್ಯಾನ್ಸರ್ ಇದ್ದ 150 ಹೆಂಗಸರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಪ್ಯಾಕ್ಲಿಟಾಕ್ಸೆಲ್ ಜೊತೆ ಕರ್ಕ್ಯುಮಿನ್ ಪಡೆದವರಲ್ಲಿ ಶೇ 51ರಷ್ಟು ಮಂದಿಯ ಗಡ್ಡೆ ಕುಗ್ಗಿತು. ಪಡೆಯದವರಲ್ಲಿ ಶೇ 33. ಆದರೆ ಅವರಿಗೆ ಅದನ್ನು ಕೊಟ್ಟದ್ದು ವಾರಕ್ಕೊಮ್ಮೆ, ರಕ್ತನಾಳದ ಮೂಲಕ, ಅಳೆದು, ಡಾಕ್ಟರ ಕಣ್ಣೆದುರಿಗೆ. ಇನ್ನೂ ದೊಡ್ಡ ಪ್ರಯೋಗಗಳು ಆಗಬೇಕು. ಒಂದುವೇಳೆ ಅರಿಶಿನ ಮುಂದೊಂದು ದಿನ ಕ್ಯಾನ್ಸರಿನ ಔಷಧಿಯಾದರೂ, ಔಷಧಿಯಾಗಿಯೇ ಬರಬೇಕು. ಔಷಧಿಯಷ್ಟು ಶಕ್ತಿಯಿದೆ ಎಂದು ನಂಬಿ, ಆಹಾರದಷ್ಟು ನಿರಪಾಯಕಾರಿ ಎಂದೂ ನಂಬಲಾಗದು.

ಈ ಎರಡು ನಂಬಿಕೆಗಳೂ ಒಟ್ಟಿಗೆ ಬಾಳುತ್ತಿರುವುದಕ್ಕೆ ಕಾರಣಗಳಿವೆ. ಅರಿಶಿನ ಗಾಯ ಮಾಗಿಸುತ್ತದೆ ಎಂಬುದಕ್ಕೆ ಅಮೆರಿಕದಲ್ಲಿ 1995ರಲ್ಲಿ ಕೊಟ್ಟ ಪೇಟೆಂಟನ್ನು ಭಾರತದ ಸಿ.ಎಸ್.ಐ.ಆರ್. ಪ್ರಶ್ನಿಸಿ 1997ರಲ್ಲಿ ರದ್ದು ಮಾಡಿಸಿತು. ಅಂದಿನಿಂದ ಅರಿಶಿನವೆಂದರೆ ದೇಶದ ಹೆಮ್ಮೆಯೂ ಹೌದು. ಆದರೆ ಅಂದು ಸಾಬೀತಾದದ್ದು ಗಾಯಕ್ಕೆ ಅರಿಶಿನ ಹಚ್ಚುವುದು ಇಲ್ಲಿನವರಿಗೆ ಹಿಂದಿನಿಂದಲೂ ಗೊತ್ತಿತ್ತು ಎಂಬುದಷ್ಟೇ. ಕ್ಯಾನ್ಸರಿನ ಮಾತು ಅಲ್ಲಿ ಬಂದಿರಲಿಲ್ಲ.

ಅದಕ್ಕಿಂತ ದೊಡ್ಡ ಕಾರಣ ಮನೆಯೊಳಗಿದೆ. ಕೀಮೋ ನಡೆಯುವಾಗ ಮನೆಯವರಿಗೆ ಮಾಡಲು ಏನೂ ಉಳಿದಿರುವುದಿಲ್ಲ. ಸೂಜಿ, ಸ್ಕ್ಯಾನು, ವರದಿ ಎಲ್ಲವೂ ಬೇರೆಯವರ ಕೈಯಲ್ಲಿ. ಶೀಶೆ ಕಳಿಸುವ ಮಗಳು ಕಳಿಸುತ್ತಿರುವುದು ತನ್ನ ಕೈಲಾದುದನ್ನು. ಅದನ್ನು ಗದರಿ ತಳ್ಳಿಹಾಕುವ ಡಾಕ್ಟರು ಗೆಲ್ಲುವುದಿಲ್ಲ; ಮುಂದಿನ ಸಲ ಅವರಿಗೆ ಸಿಗುವುದು ಇನ್ನಷ್ಟು ಗಟ್ಟಿಯಾದ 'ಇಲ್ಲೆ'.

ಆದ್ದರಿಂದ ಮೊದಲು ಬದಲಾಗಬೇಕಾದ್ದು ಪ್ರಶ್ನೆ. ಬೇರೆ ಮಾತ್ರೆ ತಗೊಳ್ಳುತ್ತೀರಾ ಎಂದು ಕೇಳುವ ಬದಲು, 'ಮನೆಯಲ್ಲಿ ಯಾರಾದರೂ ಒಳ್ಳೆಯದೆಂದು ಏನಾದರೂ ಕೊಡುತ್ತಿದ್ದಾರಾ? ಕಷಾಯ, ಪುಡಿ, ಕ್ಯಾಪ್ಸೂಲು?' ಎಂದು ರೋಗಿಯ ಭಾಷೆಯಲ್ಲಿ, ಬೇಸರವಿಲ್ಲದೆ ಕೇಳಬೇಕು. ಆಸ್ಪತ್ರೆಯ ಚೀಟಿಯಲ್ಲಿ ಅದಕ್ಕೊಂದು ಸಾಲು ಇರಬೇಕು. ಶೀಶೆಯ ಮಾತೂ ಬದಲಾಗಬೇಕು. ಇಲ್ಲಿ ಇವುಗಳಲ್ಲಿ ಹಲವು ಮಾರಾಟವಾಗುವುದು ಆಹಾರದ ಕಾನೂನಿನಡಿ; ಅಂಥವುಗಳ ಮೇಲೆ 'ಔಷಧಿಯಾಗಿ ಬಳಸಲು ಅಲ್ಲ' ಎಂದು ನಮೂದಿಸಲೇಬೇಕು. ಅದು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿರುತ್ತದೆ. 'ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಡಾಕ್ಟರನ್ನು ಕೇಳದೆ ತೆಗೆದುಕೊಳ್ಳಬಾರದು' ಎಂಬ ಒಂದು ಸಾಲು ಕನ್ನಡದಲ್ಲೋ ತಮಿಳಿನಲ್ಲೋ ಇದ್ದರೆ ಯಾವ ಕಂಪನಿಯೂ ಮುಳುಗದು.

ಕ್ರೋಂಪೇಟೆಯ ಆ ಮನೆಯ ಹುಳಿಗೆ ಅರಿಶಿನ ಎಂದಿನಂತೆ ಬೀಳಲಿ. ಅದನ್ನು ಬಿಡಬೇಕಾದ ಕಾರಣವಿಲ್ಲ. ಕ್ಯಾಪ್ಸೂಲು ಮಾತ್ರ ಡಾಕ್ಟರು ಹೇಳುವವರೆಗೆ ನಿಲ್ಲಲಿ. ಮುಂದಿನ ಕೀಮೋಗೆ ಹೊರಡುವಾಗ ಸ್ಕ್ಯಾನು, ರಕ್ತದ ವರದಿ, ನೀರಿನ ಬಾಟಲಿ ಇರುವ ಚೀಲದೊಳಗೆ ಆ ಶೀಶೆಯನ್ನೂ ಹಾಕಿಕೊಂಡು ಹೋಗಿ, ಡಾಕ್ಟರ ಮೇಜಿನ ಮೇಲೆ ಇಟ್ಟರೆ ಸಾಕು. ಉಳಿದದ್ದನ್ನು ಶೀಶೆಯೇ ಹೇಳುತ್ತದೆ.